ಮಹಿಳಾ ಸದಸ್ಯರ ಗಮನಕ್ಕೆ: ಮೂತ್ರ ಸೋರಿಕೆಗೆ ವ್ಯಾಯಾಮ ಚಿಕಿತ್ಸೆ

ಹಸುವಿನ ಗರ್ಭಕೋಶ ಹೊರಬಂದರೆ ತಕ್ಷಣ ನಮ್ಮನ್ನು ಕರೆಸುತ್ತೀರಿ. ಆದರೆ ಕೆಮ್ಮಿದಾಗ, ಹುಲ್ಲಿನ ಹೊರೆ ಎತ್ತುವಾಗ ಮೂತ್ರ ಸೋರಿದರೆ ತಾಯಂದಿರು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಮೂತ್ರಕೋಶ, ಗರ್ಭಕೋಶಗಳಿಗೆ ಕೆಳಗಿನಿಂದ ಆಧಾರವಾಗಿರುವ ಸ್ನಾಯುಗಳು ಹೆರಿಗೆಯಿಂದ ಸಡಿಲಗೊಳ್ಳುವುದು ಇದಕ್ಕೆ ಮುಖ್ಯ ಕಾರಣ.

ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿರಿ. ಅವರು ಫಿಸಿಯೋಥೆರಪಿ ಸೂಚಿಸಿದರೆ ಅಂಜಬೇಡಿರಿ. ಮೊದಲ ದಿನ ಹೆರಿಗೆ, ಮಲಮೂತ್ರ, ದುಡಿಮೆಯ ವಿಷಯ ಕೇಳುತ್ತಾರೆ. ಒಳಪರೀಕ್ಷೆಯನ್ನು ನಿಮ್ಮ ಒಪ್ಪಿಗೆ ಪಡೆದೇ ಮಾಡಬೇಕು, ಬೇಡವೆನ್ನಲೂಬಹುದು.

ನಂತರ ಮೂತ್ರ ತಡೆಹಿಡಿಯುವಂತೆ ಸ್ನಾಯು ಬಿಗಿದು, ಪೂರ್ತಿ ಸಡಿಲಿಸುವುದನ್ನು ಕಲಿಸುತ್ತಾರೆ. ಉಸಿರು ಕಟ್ಟಬಾರದು. ಸಾಮಾನ್ಯವಾಗಿ ಒಮ್ಮೆಗೆ 8-10 ಸಲ, ದಿನಕ್ಕೆ 3 ಬಾರಿ. ರೂಢಿಯಾದ ಮೇಲೆ ಡೇರಿಯ ಸಾಲಿನಲ್ಲಿ ನಿಂತಲ್ಲೇ ಮಾಡಬಹುದು, ಯಾರಿಗೂ ತಿಳಿಯದು. ಕ್ಯಾನು ಎತ್ತುವ ಮುನ್ನವೂ ಬಿಗಿಹಿಡಿಯಿರಿ. ಗುಣ ಕಾಣಲು ಸುಮಾರು 3 ತಿಂಗಳು ಬೇಕು, ನಡುವೆ ಬಿಡಬೇಡಿರಿ.