ಹೊಸ್ತಿಲ ಮೇಲೆ ಚಾಚಿದ ಕೈ



ಪವಿತ್ರ ಕುಟುಂಬದ ಹಬ್ಬ ಬಂದರೆ ಮನೆಯ ಸೊಬಗನ್ನು ಕುರಿತು ಬಹಳ ಮಾತನಾಡುತ್ತೇವೆ. ಈ ಸಲ, ಹಬ್ಬದ ಪೂಜೆಯಲ್ಲಿ ಎಂದೂ ಓದದ ಅಧ್ಯಾಯವೊಂದನ್ನು ತೆರೆಯೋಣ: ನ್ಯಾಯಸ್ಥಾಪಕರ ಗ್ರಂಥದ 19ನೆಯದು. ಲೇವಿಯನೊಬ್ಬ ತನ್ನ ಉಪಪತ್ನಿಯೊಂದಿಗೆ ಗಿಬೆಯಾ ಊರಿಗೆ ಬರುತ್ತಾನೆ. ರಾತ್ರಿ ತಂಗಲು ಯಾರೂ ಕರೆಯುವುದಿಲ್ಲ. ಊರ ಚೌಕದಲ್ಲೇ ಕೂರುತ್ತಾರೆ. ಕೊನೆಗೆ ಒಬ್ಬ ಮುದುಕ ಒಳಕ್ಕೆ ಕರೆದುಕೊಳ್ಳುತ್ತಾನೆ. ಪುಂಡರು ಬಾಗಿಲು ಬಡಿದಾಗ, ಗಂಡಸರು ಉಳಿಯಲೆಂದು ಆಕೆಯನ್ನು ಹೊರಕ್ಕೆ ದೂಡಲಾಗುತ್ತದೆ. ಬೆಳಗಾದಾಗ ಆಕೆ ಹೊಸ್ತಿಲ ಮೇಲೆ ಕೈ ಚಾಚಿ ಬಿದ್ದಿರುತ್ತಾಳೆ.

ಸೂರಿಲ್ಲದಿರುವುದು ಒಂದು ಅಪಾಯ. ಸೂರಿದ್ದೂ ಅದು ತನ್ನದಲ್ಲದಿರುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಬೀಳುತ್ತದೆ. ಕಾಲುವೆ ಬಯಲಿನ ಭತ್ತ, ಮೆಣಸಿನಕಾಯಿ ಕೆಲಸಕ್ಕೆ ಬಂದವರ ಗುಡಿಸಲಿಗೆ ಅಗುಳಿ ಇರುವುದಿಲ್ಲ. ಹೆಂಗಸರು ಕತ್ತಲಲ್ಲಿ ಬಯಲಿಗೆ ಹೋಗಬೇಕು. ಎರಡನೆಯದು ಗೋಡೆಗಳ ಒಳಗಿನದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ ವರ್ಷ ವರ್ಷವೂ ನೂರಕ್ಕೆ 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ: ಬಂಧು, ನೆರೆಯವ, ಕೆಲಸ ಕೊಟ್ಟವ. ಅವನದೇ ಸೂರಿನಡಿ ಇರುವವಳು ಬಾಯಿಬಿಟ್ಟರೆ ಬೀದಿಗೆ ಬೀಳುತ್ತಾಳೆ.

ಬಳ್ಳಾರಿ ಸೀಮೆಗೆ ಇದು ಹೊಸತಲ್ಲ. ಗಂಡುಮಕ್ಕಳಿಲ್ಲದ ಬಡವರು, ಹೆಚ್ಚಾಗಿ ದಲಿತರು, ಮಗಳನ್ನು ಬಸವಿ ಬಿಡುತ್ತಿದ್ದರು. ಮದುವೆಯಿಲ್ಲದೆ ತವರಲ್ಲೇ ಉಳಿಯುವ ಅವಳಿಗೆ ಮಗನಂತೆ ಮನೆಯ ಹಕ್ಕು. ಬದಲಿಗೆ ಅವಳ ಮೈ ಊರಿನ ಉಳ್ಳವರ ಪಾಲು. ಕರ್ನಾಟಕ 1982ರ ಕಾಯಿದೆಯಿಂದ ಇದನ್ನು ನಿಷೇಧಿಸಿತು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46,660 ದೇವದಾಸಿಯರು ದಾಖಲಾದರು. ಪುನರ್ವಸತಿಯಲ್ಲಿ ಮಾಸಾಶನದ ಜೊತೆ ಮನೆಯನ್ನೂ ಸೇರಿಸಿದ್ದು ಸರಿಯಾದ ಕೆಲಸ. ಮನೆಗಾಗಿ ಮೈ ಒಪ್ಪಿಸಿದವಳಿಗೆ ಬರಿಯ ಬುದ್ಧಿಮಾತು ಸಾಲದು.

ಮದುವೆಯಾದವಳ ಕಥೆಯೇನು? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಎಲ್ಲ ಧರ್ಮದವರಿಗೂ ಒಂದೇ. ಲೈಂಗಿಕ ಹಿಂಸೆಯೂ ಅದರಲ್ಲಿ ಸೇರಿದೆ. ಬಾಳಿದ ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ಆಕೆಗುಂಟು. ಹಿಂಸಿಸಿದ ಗಂಡನನ್ನೇ ಹೊರಹಾಕಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಆ ಮನೆ ಮಾವನದಾದರೂ ಈ ಹಕ್ಕು ಸಲ್ಲಬಲ್ಲದೆಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 15ರಂದು ಹೇಳಿತು. 181ಕ್ಕೆ ಕರೆ ಮಾಡಿದರೆ ಸಖಿ ಕೇಂದ್ರದ ಆಸರೆ ಸಿಗುತ್ತದೆ, 5 ದಿನದವರೆಗೆ.

ಆರನೆಯ ದಿನ? ತವರು. ಅಲ್ಲಿ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಕಾದಿರುತ್ತದೆ. ‘ಹೊಂದಿಕೊಂಡು ಹೋಗಮ್ಮ, ಸಂಸ್ಕಾರದ ಮದುವೆ’ ಎಂದು ಹಿಂದಕ್ಕೆ ಕಳಿಸುವ ಹಿರಿಯರೂ ಉಂಟು. ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿಯನ್ನು ಅವರು ಓದಲಿ: ದೇಹಕ್ಕೋ ಆತ್ಮಕ್ಕೋ ದೊಡ್ಡ ಅಪಾಯವಿದ್ದರೆ ಬೇರೆ ಇರುವುದಕ್ಕೆ ಅದು ಒಪ್ಪುತ್ತದೆ, ತಡವಾದರೆ ಅಪಾಯವೆಂದಾದಲ್ಲಿ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ನಮ್ಮ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ತಾಯಿಗೆ, ಉಳಿದೆರಡು ಗಂಡು, ಹೆಣ್ಣು ಮಕ್ಕಳಿಗೆ ಸಮನಾಗಿ. ಆದರೂ ಮದುವೆ ಖರ್ಚೇ ಪಾಲಾಯಿತೆಂದು ತಂಗಿಯಿಂದ ರುಜು ಹಾಕಿಸಿಕೊಳ್ಳುವ ಅಣ್ಣಂದಿರಿದ್ದಾರೆ. ಅಂಥ ಪತ್ರ ನಿಮ್ಮಲ್ಲೂ ತಯಾರಾಗುತ್ತಿದ್ದರೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಡುವ ಮುಂಚೆ ತಂಗಿಯ ಮನೆಯಲ್ಲಿ ಎರಡು ದಿನ ಇದ್ದು ಬನ್ನಿ.