ಸಾಕುಪ್ರಾಣಿಗಳಲ್ಲಿ ರೇಬೀಸ್ ತಡೆ

ರೇಬೀಸ್ ಅಥವಾ ಹುಚ್ಚುನಾಯಿ ರೋಗವು ಲಿಸ್ಸಾವೈರಸ್ ಕುಲದ ವೈರಾಣುವಿನಿಂದ ಬರುವ, ಸಸ್ತನಿಗಳ ನರಮಂಡಲವನ್ನು ಬಾಧಿಸುವ ಸೋಂಕು. ರೋಗಲಕ್ಷಣಗಳು ಕಾಣಿಸಿಕೊಂಡ ಬಳಿಕ ಸಾವು ಬಹುತೇಕ ಖಚಿತ. ಆದ್ದರಿಂದ ಸಾಕುಪ್ರಾಣಿಗಳಿಗೆ ಮುಂಚಿತವಾಗಿ ಲಸಿಕೆ ಹಾಕಿಸುವುದೇ ಪ್ರಮುಖ ರಕ್ಷಣೆಯಾಗಿದೆ.

ಹರಡುವಿಕೆ

ಸೋಂಕಿತ ಪ್ರಾಣಿಯ ಜೊಲ್ಲಿನಲ್ಲಿರುವ ವೈರಾಣು ಕಚ್ಚಿದ ಗಾಯದ ಮೂಲಕ ದೇಹವನ್ನು ಸೇರಿ, ನರಗಳ ಮಾರ್ಗವಾಗಿ ಮಿದುಳನ್ನು ತಲುಪುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಂತಹ ಕೃಷಿಪ್ರಧಾನ ಪ್ರದೇಶಗಳಲ್ಲಿ ನಾಯಿಯ ಜೊತೆಗೆ ಆಕಳು, ಎಮ್ಮೆ, ಎತ್ತು, ಆಡು ಮತ್ತು ಕುರಿಗಳನ್ನೂ ಸಾಕುತ್ತಾರೆ. ಹೊಲ ಕಾಯುವ ಹಾಗೂ ಕುರಿಹಿಂಡಿನೊಂದಿಗೆ ಸಾಗುವ ನಾಯಿಗಳು ಹಗಲಿರುಳು ಹೊರಗಿರುವುದರಿಂದ ಅವುಗಳಿಗೆ ಬೀದಿನಾಯಿಗಳ ಸಂಪರ್ಕ ಸುಲಭವಾಗಿ ಒದಗುತ್ತದೆ. ಇಂತಹ ಒಂದು ನಾಯಿಗೆ ಸೋಂಕು ತಗುಲಿದರೆ ಕೊಟ್ಟಿಗೆಯ ಜಾನುವಾರುಗಳೂ ಮನೆಯವರೂ ಅಪಾಯಕ್ಕೆ ಒಳಗಾಗುತ್ತಾರೆ.

ಲಕ್ಷಣಗಳು

ನಾಯಿಗಳಲ್ಲಿ ವರ್ತನೆಯ ಬದಲಾವಣೆ, ಕಾರಣವಿಲ್ಲದೆ ಕಚ್ಚುವುದು, ಧ್ವನಿ ಬದಲಾಗುವುದು, ಜೊಲ್ಲು ಸುರಿಸುವುದು ಮತ್ತು ಪಾರ್ಶ್ವವಾಯು ಕಂಡುಬರುತ್ತವೆ. ಕೆಲವು ನಾಯಿಗಳು ಕೆರಳದೆ ಮಂಕಾಗಿ ಮೂಲೆ ಸೇರುತ್ತವೆ. ಜಾನುವಾರುಗಳು ಮೇವು ನುಂಗಲಾರದೆ ಪದೇಪದೇ ಕೂಗುತ್ತವೆ. ಗಂಟಲಲ್ಲಿ ಏನೋ ಸಿಲುಕಿದೆಯೆಂದು ಭಾವಿಸಿ ಬಾಯೊಳಗೆ ಬರಿಗೈ ಹಾಕುವುದು ಅಪಾಯಕಾರಿ.

ಲಸಿಕೆ

ನಾಯಿ ಮತ್ತು ಬೆಕ್ಕಿನ ಮರಿಗಳಿಗೆ ಸಾಮಾನ್ಯವಾಗಿ 3 ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ಬಳಿಕ ಪಶುವೈದ್ಯರ ಸಲಹೆಯಂತೆ ಬೂಸ್ಟರ್ ಹಾಗೂ ಪ್ರತಿವರ್ಷ ಮರುಲಸಿಕೆ ನೀಡಲಾಗುತ್ತದೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸಂದರ್ಭದಲ್ಲಿ ಪಶುಪಾಲನಾ ಇಲಾಖೆಯು ಉಚಿತ ಲಸಿಕಾ ಶಿಬಿರಗಳನ್ನು ನಡೆಸುತ್ತದೆ. ಲಸಿಕೆ ಪಡೆಯದ ಪ್ರಾಣಿಯನ್ನು ಶಂಕಿತ ನಾಯಿ ಕಚ್ಚಿದರೆ, ಕೈಗವಸು ಧರಿಸಿ ಗಾಯವನ್ನು ತೊಳೆದು ಕೂಡಲೇ ಪಶುವೈದ್ಯರನ್ನು ಕಾಣಬೇಕು. ಕಚ್ಚಿದ ನಂತರದ ಚುಚ್ಚುಮದ್ದುಗಳನ್ನು ಸಾಮಾನ್ಯವಾಗಿ 0, 3, 7, 14 ಮತ್ತು 28ನೆಯ ದಿನಗಳಂದು ನೀಡಲಾಗುತ್ತದೆ.

ಮನುಷ್ಯರಿಗೆ ಕಚ್ಚಿದಾಗ

ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಅರಿಶಿನ ಮುಂತಾದವುಗಳನ್ನು ಹಚ್ಚಬಾರದು. ನಂತರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗಾಯದ ಸ್ವರೂಪಕ್ಕನುಗುಣವಾಗಿ ಲಸಿಕೆಯೊಂದಿಗೆ ಇಮ್ಯುನೊಗ್ಲಾಬ್ಯುಲಿನ್ ಸಹ ಬೇಕಾಗಬಹುದು. ಕಚ್ಚಿದ ನಾಯಿ ಅಥವಾ ಬೆಕ್ಕು 10 ದಿನಗಳ ನಂತರವೂ ಆರೋಗ್ಯವಾಗಿದ್ದರೆ, ಕಚ್ಚಿದ ವೇಳೆಯಲ್ಲಿ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ತಿಳಿಯಲಾಗುತ್ತದೆ. ಆದರೆ ಆ ಅವಧಿ ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡುವಂತಿಲ್ಲ. ಕಾಯಿಸಿದ ಹಾಲಿನಿಂದ ರೇಬೀಸ್ ಹರಡುವುದಿಲ್ಲ; ಆದರೂ ಶಂಕಿತ ಜಾನುವಾರಿನ ಹಾಲು ಕರೆಯುವುದೂ ಬಳಸುವುದೂ ಸಲ್ಲದು.

ಕರ್ನಾಟಕದಲ್ಲಿ

1885ರಲ್ಲಿ ಲೂಯಿ ಪಾಶ್ಚರ್ ಮೊದಲ ಬಾರಿಗೆ ಮನುಷ್ಯರ ಮೇಲೆ ಪ್ರಯೋಗಿಸಿದ ಲಸಿಕೆಯು ಪ್ರಾಣಿಗಳ ನರ ಅಂಗಾಂಶದಿಂದ ತಯಾರಾಗಿತ್ತು. ಈಗ ಕೋಶ ಕೃಷಿಯಿಂದ ತಯಾರಾದ, ಹೆಚ್ಚು ಸುರಕ್ಷಿತವಾದ ಲಸಿಕೆಗಳು ಬಳಕೆಯಲ್ಲಿವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬೀಸ್ ಪತ್ತೆ ಪ್ರಯೋಗಾಲಯವಿದೆ. ಮನುಷ್ಯರ ರೇಬೀಸ್ ಪತ್ತೆಯ ಕಾರ್ಯ ನಿಮ್ಹಾನ್ಸ್‌ನಲ್ಲಿ ನಡೆಯುತ್ತದೆ. 2022ರಲ್ಲಿ ಕರ್ನಾಟಕ ಸರ್ಕಾರವು ಮನುಷ್ಯರಲ್ಲಿನ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ನಿರ್ಮೂಲನೆ ಮಾಡುವುದು ರಾಷ್ಟ್ರೀಯ ಕ್ರಿಯಾಯೋಜನೆಯ ಗುರಿ.