ಒಂದೇ ಪುಸ್ತಕ, ನಾಲ್ಕು ದನಿ

ಪ್ರಶ್ನೆ: ನಮ್ಮ ಇಗರ್ಜಿಯ ಗಾಯಕವೃಂದದಲ್ಲಿ ಒಬ್ಬೊಬ್ಬರ ಕೈಯಲ್ಲೂ ಹಾಳೆ ಇರುತ್ತದೆ. ಹಿಂದೆ ಇಡೀ ವೃಂದ ಒಂದೇ ಕೈಬರಹದ ಪುಸ್ತಕ ನೋಡಿ ಹಾಡುತ್ತಿತ್ತಂತೆ, ಹೇಗೆ?
— ಓದುಗರೊಬ್ಬರು, ಕುಡಚಡೆ, ಗೋವಾ

ಪುಸ್ತಕವೇ ದೊಡ್ಡದು. ಎತ್ತರದ ಪೀಠದ ಮೇಲೆ ತೆರೆದಿಟ್ಟರೆ ಹತ್ತು ಹನ್ನೆರಡು ಜನ ಸುತ್ತ ನಿಂತು ಓದುವಷ್ಟು ದಪ್ಪ ಸ್ವರಚಿಹ್ನೆಗಳು. ಜರ್ಮನಿಯ ಟೋರ್ಗೌ ಅರಮನೆಯ ಚರ್ಚನ್ನು ಮಾರ್ಟಿನ್ ಲೂಥರ್ 1544ರಲ್ಲಿ ಪ್ರತಿಷ್ಠಾಪಿಸಿದ. ಆ ಚರ್ಚಿಗಾಗಿ ಸಂಗೀತಗಾರ ಯೊಹಾನ್ ವಾಲ್ಟರ್ ಸಿದ್ಧಪಡಿಸಿದ ಅಂಥದೊಂದು ಹಸ್ತಪ್ರತಿ ಈಗ ಗೋಥಾ ಗ್ರಂಥಾಲಯದಲ್ಲಿದೆ.

ಇಂಥ ಪುಸ್ತಕಗಳಲ್ಲಿ ಎಡಪುಟದ ಮೇಲ್ಭಾಗ ಸೊಪ್ರಾನೊಗೆ, ಕೆಳಗೆ ಟೆನರ್‌ಗೆ. ಬಲಪುಟದಲ್ಲಿ ಮೇಲೆ ಆಲ್ಟೊ, ಕೆಳಗೆ ಬಾಸ್. ಪ್ರತಿಯೊಬ್ಬರ ಕಣ್ಣೂ ತನ್ನ ಮೂಲೆಯಲ್ಲೇ. ದನಿಗಳನ್ನು ಒಂದರಡಿ ಒಂದು ಜೋಡಿಸದೆ ಬಿಡಿಬಿಡಿಯಾಗಿ ಬರೆದಿದ್ದರಿಂದ ದುಬಾರಿ ಕಾಗದ ಉಳಿಯುತ್ತಿತ್ತು. ಹಾಗಾದರೆ ಲಯ? ಭಜನೆಯಲ್ಲಿ ತಾಳ ಹಿಡಿದವರು ಎಲ್ಲರನ್ನೂ ಒಂದೇ ನಡೆಗೆ ತರುವಂತೆ, ಇಲ್ಲಿ ಒಬ್ಬನ ಕೈಯ ಏರಿಳಿತ ಆ ಕೆಲಸ ಮಾಡುತ್ತಿತ್ತು.

ನನಗೆ ಹೆಚ್ಚು ಬೆರಗು ಲಿಪಿಕಾರನದು. ದೀರ್ಘ ಸ್ವರಗಳ ಟೆನರ್ ಎರಡು ಸಾಲಲ್ಲಿ ಮುಗಿದರೂ, ಉಳಿದ ದನಿಗಳಿಗೆ ಐದು ಸಾಲು ಬೇಕಾದರೂ, ಪುಟ ತಿರುವುವ ಹೊತ್ತಿಗೆ ನಾಲ್ಕೂ ಒಂದೇ ಕ್ಷಣಕ್ಕೆ ಮುಗಿಯಬೇಕು!

ಇಂಥ ಪುಸ್ತಕಗಳಲ್ಲದಿದ್ದರೂ, ಜರ್ಮನ್ ಚರ್ಚುಗಳ ಆ ಹಾಡಿನ ಪರಂಪರೆ ಕನ್ನಡಕ್ಕೂ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್ ಧಾಟಿಗಳಿಗೆ ಕನ್ನಡ ಪದ ಹೊಂದಿಸಿತು. ಮಂಗಳೂರಿಗೆ ಬಂದಾಗ ಬಲ್ಮಠದ ಶಾಂತಿ ಕೆಥೆಡ್ರಲ್‌ನ ಕನ್ನಡ ಆರಾಧನೆಗೊಮ್ಮೆ ಹೋಗಿ ಕೇಳಿ.